ತಿರುವಿನಿಂದ ಹೊರಬರುವಾಗ ಕಾರು ಯಾಕೆ ಜಾರುತ್ತದೆ?

ಪಪೈರಸ್‌ನವರ ‘ನಾಸ್ಕಾರ್ ರೇಸಿಂಗ್ 2003 ಸೀಸನ್’ ಅಮೆರಿಕದ ನಾಸ್ಕಾರ್ ಕಾರ್ ರೇಸಿನ ಹಳೇ ಕಂಪ್ಯೂಟರ್ ಆಟ. ಅದನ್ನು ಇವತ್ತಿಗೂ ಆಡುವ ಗೆಳೆಯರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: “ಮಾರ್ಟಿನ್ಸ್‌ವಿಲ್ ಟ್ರ್ಯಾಕ್‌ನಲ್ಲಿ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂಬದಿ ಜಾರುತ್ತದೆ. ವೆಡ್ಜ್ ಎಷ್ಟು ಏರಿಸಲಿ?”

ಏರಿಸಬೇಡಿ. ಮೊದಲು ರೀಪ್ಲೇ ನೋಡಿ.

ಕಾರಿನ ಒಟ್ಟು ತೂಕದಲ್ಲಿ ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಗಳ ಮೇಲೆ ಎಷ್ಟು ಪಾಲು ಕೂತಿದೆ ಅನ್ನುವುದೇ ವೆಡ್ಜ್. ಅದು ಜಾಸ್ತಿಯಾದರೆ ಕಾರು ‘ಟೈಟ್’, ಅಂದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ಗೋಡೆಯ ಕಡೆಗೇ ಹೋಗುತ್ತದೆ. ಕಡಿಮೆಯಾದರೆ ‘ಲೂಸ್’, ಹಿಂಬದಿ ಹೊರಗೆ ಜಾರುತ್ತದೆ. ಹಾಗಾಗಿ ಜಾರಿದ ಕೂಡಲೇ ವೆಡ್ಜ್ ಏರಿಸೋಣ ಅನ್ನಿಸುವುದು ಸಹಜ ಅಲ್ವಾ? ನಾನೂ ತುಂಬಾ ದಿನ ಅದನ್ನೇ ಮಾಡಿದೆ. ಜಾರುವುದು ಇನ್ನೂ ಹೆಚ್ಚಾಯಿತು.

ಯಾಕೆ ಅಂದರೆ, ಜಾರುವುದು ಹೊರಬರುವಾಗ ಕಂಡರೂ ತೊಂದರೆ ಶುರುವಾಗುವುದು ತಿರುವಿನ ನಡುವೆ. ಅಲ್ಲಿ ಕಾರು ಟೈಟ್ ಇದ್ದರೆ ಮೂತಿ ತಿರುಗುವುದಿಲ್ಲ, ನಾವು ಗೊತ್ತಿಲ್ಲದೇ ಸ್ಟೀರಿಂಗ್ ಇನ್ನಷ್ಟು ಎಡಕ್ಕೆ ಎಳೆಯುತ್ತೇವೆ, ಆಮೇಲೆ ಅಷ್ಟೂ ತಿರುಗಿಸಿಟ್ಟುಕೊಂಡೇ ಆಕ್ಸಿಲರೇಟರ್ ಒತ್ತುತ್ತೇವೆ. ಅಷ್ಟರಲ್ಲಿ ಮುಂದಿನ ಟೈರ್‌ಗಳು ಮತ್ತೆ ಹಿಡಿತಕ್ಕೆ ಬರುತ್ತವೆ, ಮೂತಿ ತಟ್ಟನೆ ಒಳಗೆ ತಿರುಗುತ್ತದೆ. ಎಂಜಿನ್ ಬಲ ಪೂರ್ತಿ ಹಿಂದಿನ ಚಕ್ರಗಳ ಮೇಲೆ ಬಿದ್ದಿರುತ್ತದೆ. ಜಾರದೆ ಇನ್ನೇನಾಗುತ್ತದೆ?

ಮಾರ್ಟಿನ್ಸ್‌ವಿಲ್‌ನಲ್ಲಿ ಇದು ಜಾಸ್ತಿ ಕಾಣುವುದಕ್ಕೆ ಕಾರಣ ಆ ಟ್ರ್ಯಾಕೇ. ಒಂದು ಸುತ್ತು ಬರೀ 0.526 ಮೈಲಿ, ಪೇಪರ್ ಕ್ಲಿಪ್ ಥರದ ಆಕಾರ, ತಿರುವಿನಲ್ಲಿ ಟ್ರ್ಯಾಕ್ ಒಳಬದಿಗೆ ವಾಲಿರುವ ಇಳಿಜಾರು 12 ಡಿಗ್ರಿ ಅಷ್ಟೇ. ಟ್ಯಾಲಡೇಗಾ ಟ್ರ್ಯಾಕ್‌ನ 33 ಡಿಗ್ರಿ ಇಳಿಜಾರಿನಲ್ಲಿ ಟ್ರ್ಯಾಕೇ ಕಾರನ್ನು ಹಿಡಿದುಕೊಳ್ಳುತ್ತದೆ, ಇಲ್ಲಿ ಆ ಆಸರೆ ಇಲ್ಲ.

ರೀಪ್ಲೇಯಲ್ಲಿ ಮುಂದಿನ ಚಕ್ರಗಳನ್ನೇ ನೋಡಿ. ಜಾರುವ ಮುಂಚೆ ಅವು ತುಂಬಾ ಎಡಕ್ಕೆ ತಿರುಗಿದ್ದರೆ ನಿಮ್ಮ ಕಾರು ಟೈಟ್. ಇನ್ನೊಂದು ಸಾಕ್ಷಿ ಆಟದ ಗ್ಯಾರೇಜ್‌ನಲ್ಲಿದೆ. ಸುಮಾರು ಇಪ್ಪತ್ತು ಸುತ್ತು ಓಡಿಸಿ ಬಂದು ಟೈರ್‌ಗಳ ಬಿಸಿ ನೋಡಿ. ಬಲ ಹಿಂದಿನದಕ್ಕಿಂತ ಬಲ ಮುಂದಿನ ಟೈರ್ ತುಂಬಾ ಜಾಸ್ತಿ ಕಾದಿದ್ದರೆ ಅನುಮಾನವೇ ಬೇಡ. ಎರಡೇ ಸುತ್ತು ಓಡಿಸಿ ನೋಡಿದರೆ ಇದು ತಿಳಿಯುವುದಿಲ್ಲ. ಹೊಸ ಟೈರ್ ಎಲ್ಲವನ್ನೂ ಮುಚ್ಚಿಡುತ್ತದೆ.

ಈಗ ಮುಂಬದಿಗೆ ಹಿಡಿತ ಕೊಡಿ. ಬಲ ಮುಂದಿನ ಸ್ಪ್ರಿಂಗ್ ಸ್ವಲ್ಪ ಮೆತ್ತಗೆ ಮಾಡಿ, ಅಥವಾ ಮುಂದಿನ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸಲಾಕೆ) ತೆಳ್ಳಗೆ ಮಾಡಿ, ಅಥವಾ ವೆಡ್ಜ್ ಒಂದು ಹಂತ ಇಳಿಸಿ. ಒಂದು ಸಲಕ್ಕೆ ಒಂದೇ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತೇ ಆಗುವುದಿಲ್ಲ. ಪ್ರತಿ ಸಲವೂ ಅಷ್ಟೇ ಪೆಟ್ರೋಲ್, ಅಷ್ಟೇ ಸುತ್ತು.

ಕೆಲವರು ಸುಮ್ನೆ ನನ್ನ ಸೆಟಪ್ ಫೈಲ್, ಅಂದರೆ ನಾನು ಕಾರಿಗೆ ಮಾಡಿಟ್ಟ ಹೊಂದಾಣಿಕೆಗಳ ಫೈಲ್ ಕೇಳುತ್ತಾರೆ. ಸಂತೋಷವಾಗಿ ಕೊಡುತ್ತೇನೆ. ಆದರೆ ನಾನು ಬ್ರೇಕ್ ಬೇಗ ಬಿಡುತ್ತೇನೆ, ಆಕ್ಸಿಲರೇಟರ್ ನಿಧಾನಕ್ಕೆ ಒತ್ತುತ್ತೇನೆ. ತಿರುವಿನ ಒಳಗಿನವರೆಗೂ ಬ್ರೇಕ್ ಹಿಡಿದುಕೊಂಡು ಹೋಗುವವರಿಗೆ ಅದೇ ಕಾರು ಒಳಹೋಗುವಾಗಲೇ ತಿರುಗಿ ನಿಲ್ಲುತ್ತದೆ.

ಇಷ್ಟೆಲ್ಲ ಆದಮೇಲೂ, ಮುಂದಿನ ಚಕ್ರ ಹೆಚ್ಚು ತಿರುಗಿಸದೇ ಇದ್ದಾಗಲೂ ಹಿಂಬದಿ ಜಾರಿದರೆ ಕಾರು ನಿಜವಾಗಿಯೂ ಲೂಸ್ ಇದೆ ಅಂತ ಅರ್ಥ. ಆಗ ವೆಡ್ಜ್ ಏರಿಸಿ.