ತಂತಿ ಗಾಳಿಯಲ್ಲಿ ಹೋಗುತ್ತದಂತೆ

“ತಂತಿ ಮೇಲೆ ಗಾಳಿಯಲ್ಲಿ ಹೋಗುತ್ತದೆ ಅಮ್ಮ. ಜಾಗ ನಿಮ್ಮ ಹೆಸರಲ್ಲೇ ಇರುತ್ತದೆ. ನಿಮಗೇನೂ ತೊಂದರೆ ಇಲ್ಲ.”

“ಅಡಿಕೆ ಮರ ಮತ್ತೆಲ್ಲಿ ಬೆಳೆಯುವುದು ಮಾರಾಯ? ಅದೂ ಗಾಳಿಯಲ್ಲೇ ಅಲ್ವಾ?”

ಮೊದಲನೇ ಮಾತು ಲೈನ್ ಎಳೆಯುವ ಕಂಪನಿಯ ಎಂಜಿನಿಯರ್‌ದು. ಎರಡನೆಯದು ನನ್ನ ಚಿಕ್ಕಮ್ಮನದು. ಮೊನ್ನೆ ಪಂಚಾಯ್ತಿ ಸಭಾಭವನದಲ್ಲಿ ಇದು ನಡೆದಾಗ ಎಲ್ಲರೂ ಜೋರಾಗಿ ನಕ್ಕರು. ಎಂಜಿನಿಯರೂ ನಕ್ಕ. ಚಿಕ್ಕಮ್ಮ ಮಾತ್ರ ನಗಲಿಲ್ಲ. ಅವಳು ತಮಾಷೆ ಮಾಡಿರಲೇ ಇಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರುತ್ತದೆ ಅಂತ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಮೈಕ್ ಕಿತ್ತುಕೊಂಡರು, ಮಾತು ಬೇರೆ ಕಡೆ ಹೋಯಿತು.

ಉಡುಪಿ–ಕಾಸರಗೋಡು 400 ಕೆವಿ (ಕಿಲೋವೋಲ್ಟ್) ವಿದ್ಯುತ್ ಲೈನಿನ ಗಲಾಟೆ ನಮ್ಮ ಕಡೆಯವರಿಗೆ ಹೊಸದಲ್ಲ. ನಂದಿಕೂರಿನ ಹತ್ತಿರದಿಂದ ಹೊರಟು ಕಾಸರಗೋಡು ಜಿಲ್ಲೆಯ ಕರಿಂದಳಂ ಸಬ್‌ಸ್ಟೇಷನ್ ತನಕ ಸುಮಾರು 115 ಕಿಲೋಮೀಟರ್. ನಡುವೆ ಸಿಗುವುದೆಲ್ಲ ಗದ್ದೆ, ಗುಡ್ಡ, ತೋಟ. ಎಷ್ಟೋ ಊರುಗಳಲ್ಲಿ ಜನ ಸರ್ವೆಯವರನ್ನು ತಡೆದಿದ್ದಾರೆ, ಧರಣಿ ಕೂತಿದ್ದಾರೆ. ಚಿಕ್ಕಮ್ಮ ಫೋನ್ ಮಾಡಿ “ನೀನು ಓದಿದವಳು, ಬಂದು ಹಿಂದೆ ಕೂತರೆ ಸಾಕು” ಅಂದಳು. ಹೋದೆ. ಹಿಂದೆ ಕೂರಲು ಆಗಲಿಲ್ಲ ಅನ್ನುವುದು ಬೇರೆ ವಿಷಯ.

ಸಭೆಗೆ ಮೊದಲು ತೋಟ ನೋಡಿ ಬಂದೆ. ಆಚೆ ಬದಿಯ ಮರಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದಿದ್ದಾರೆ. ಒಂದು ಮರಕ್ಕೆ ಕಾಳುಮೆಣಸಿನ ಬಳ್ಳಿ ದಟ್ಟವಾಗಿ ಹಬ್ಬಿತ್ತು. ಬರೆಯಲು ಜಾಗ ಇರಲಿಲ್ಲ ಅಂತ ಬಳ್ಳಿಯನ್ನು ಒಂದು ಅಂಗೈ ಅಗಲ ಎಳೆದು ಪಕ್ಕಕ್ಕೆ ಸರಿಸಿ, ಆ ಕಿಂಡಿಯಲ್ಲಿ ನಂಬರ್ ಹಾಕಿದ್ದಾರೆ. ಎಳೆದ ಕಡೆ ಬಳ್ಳಿಯ ಬೇರು ಬಿಟ್ಟುಕೊಂಡು ಎಲೆ ಬಾಡಿತ್ತು. ಚಿಕ್ಕಮ್ಮ ಅದಕ್ಕೆ ಬಾಳೆನಾರು ಕಟ್ಟಿ ಮತ್ತೆ ಮರಕ್ಕೆ ಸೇರಿಸಿದ್ದಳು, ಸರಿಯಾಗಿ ನಂಬರಿನ ಮೇಲೆ. ಕಡಿಯುವ ಮರಕ್ಕೆ ಯಾಕೆ ಕಟ್ಟಿದೆ ಅಂತ ನಾನು ಕೇಳಲಿಲ್ಲ.

400 ಕೆವಿ ಲೈನಿಗೆ ಸಾಮಾನ್ಯವಾಗಿ 46 ಮೀಟರ್ ಅಗಲದ ದಾರಿ ಬೇಕು. ತಂತಿ ಜೋತು ಬಿದ್ದ ಕಡೆ ನೆಲದಿಂದ ಕನಿಷ್ಠ 8.84 ಮೀಟರ್ ಎತ್ತರ ಇದ್ದರೆ ಸಾಕು ಅಂತ ನಿಯಮ. ಅಂದರೆ 29 ಅಡಿ. ಫಲ ಕೊಡುವ ಅಡಿಕೆ ಮರ 40, 50 ಅಡಿ ಇರುತ್ತದೆ, ತೆಂಗು ಇನ್ನೂ ಜಾಸ್ತಿ. ತಂತಿಯೂ ಮರವೂ ಒಂದೇ ಗಾಳಿಗೆ ಜಗಳ ಆಡುತ್ತಿವೆ, ಗೆಲ್ಲುವುದು ಯಾರು ಅಂತ ಮೊದಲೇ ತೀರ್ಮಾನ ಆಗಿದೆ. ಬಸ್ಸಲ್ಲಿ ಕೂತು ಲೆಕ್ಕ ಹಾಕಿದೆ. 46 ಮೀಟರ್ ಅಗಲ, 88 ಮೀಟರ್ ಉದ್ದ ಹೋದರೆ ಒಂದು ಎಕರೆ. ಒಂಬತ್ತು ಅಡಿಗೊಂದು ಗಿಡ ಅಂದರೂ ಎಕರೆಗೆ ಸುಮಾರು 540 ಅಡಿಕೆ ಮರ. 88 ಮೀಟರ್ ಅಂದರೆ ಚಿಕ್ಕಮ್ಮನ ಮನೆಯಿಂದ ಹಟ್ಟಿ ದಾಟಿ ಕೆರೆಯ ತನಕ ಅಷ್ಟೆ. ಈ ಗಾಳಿಯಲ್ಲಿ ಹೋಗುವ ತಂತಿಗೆ ಅಷ್ಟು ಬೇಕು.

ಸಭೆಯಲ್ಲಿ ನಾನು ಎದ್ದು ಕೇಳಿದ್ದು ಒಂದೇ ಪ್ರಶ್ನೆ. ಈ ಯೋಜನೆಯ ಪರಿಸರ ಪರಿಣಾಮ ವರದಿ ಎಲ್ಲಿ ಸಿಗುತ್ತದೆ? ಓದಬಹುದಾ?

“ಲೈನಿಗೆ ಅದು ಬರುವುದಿಲ್ಲ ಮೇಡಂ” ಅಂದ ಎಂಜಿನಿಯರ್.

ಅವನು ಹೇಳಿದ್ದು ಸುಳ್ಳಲ್ಲ, ಅದೇ ನನಗೆ ಜಾಸ್ತಿ ಕಿರಿಕಿರಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಒಂದು ಪಟ್ಟಿ ಇದೆ. ಗಣಿ, ಅಣೆಕಟ್ಟು, ಉಷ್ಣ ವಿದ್ಯುತ್ ಸ್ಥಾವರ, ಹೆದ್ದಾರಿ, ವಿಮಾನ ನಿಲ್ದಾಣ, ದೊಡ್ಡ ಕಟ್ಟಡ ಎಲ್ಲ ಅದರಲ್ಲಿವೆ. ವಿದ್ಯುತ್ ಲೈನ್ ಇಲ್ಲ, ಸಬ್‌ಸ್ಟೇಷನ್ ಇಲ್ಲ. ಎಲ್ಲೂರಿನ 1200 ಮೆಗಾವ್ಯಾಟ್‌ನಂಥ ಕಲ್ಲಿದ್ದಲು ಸ್ಥಾವರ ಕಟ್ಟಬೇಕಾದರೆ ಅಧ್ಯಯನ, ಅಹವಾಲು ಸಭೆ, ಪರಿಸರ ಅನುಮತಿ ಎಲ್ಲ ಬೇಕು. ಅಂಥಲ್ಲಿ ತಯಾರಾದ ಕರೆಂಟು ಗೇಟು ದಾಟಿ ನೂರು ಕಿಲೋಮೀಟರ್ ತೋಟದ ಮೇಲೆ ಹೋಗುವುದಕ್ಕೆ ಅದ್ಯಾವುದೂ ಬೇಡ. ಲೈನು ಕಾಡಿನೊಳಗೆ ಹೋದರೆ ಮಾತ್ರ ಅರಣ್ಯ ಅನುಮತಿ. ಅಭಯಾರಣ್ಯವಾದರೆ ವನ್ಯಜೀವಿ ಮಂಡಳಿ. ವಿಶ್ವಬ್ಯಾಂಕ್, ಎಡಿಬಿ ಥರದವರು ಸಾಲ ಕೊಟ್ಟಿದ್ದರೆ ಅವರ ಷರತ್ತಿಗೋಸ್ಕರ ಒಂದು ಪರಿಸರ ವರದಿ ಆಗುತ್ತದೆ. ಸಾಲ ಕೊಡುವವನು ಕೇಳುತ್ತಾನೆ, ನಮ್ಮ ಕಾನೂನು ಕೇಳುವುದಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎಂಜಿನಿಯರ್ ಬಗ್ಗೆ ಸಿಟ್ಟಿಲ್ಲ. ಉತ್ತರ ಕರ್ನಾಟಕದ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಸಭೆ ಪೂರ್ತಿ ನಿಂತೇ ಉತ್ತರ ಕೊಟ್ಟ. ಬೈದವರಿಗೂ “ಸರ್” ಅಂದ. ಅವನ ಮೇಲಿನವರು ಯಾರೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನ ನನಗೆ ಬೇಸರ ತರಿಸಿದವರು ಬಿಳಿ ಅಂಗಿಯ ನಮ್ಮ ಊರ ಪುಢಾರಿ. ಬಂದರು, “ರೈತರ ಒಂದು ಇಂಚು ಜಾಗ ಬಿಡುವುದಿಲ್ಲ” ಅಂದರು, ಫೋಟೋ ತೆಗೆಸಿಕೊಂಡರು, ಚಹಾ ಬರುವ ಮೊದಲೇ ಹೊರಟರು. ಒಂದು ಇಂಚು ಜಾಗವನ್ನೂ ಯಾರೂ ತೆಗೆದುಕೊಳ್ಳುತ್ತಿಲ್ಲ, ಅದೇ ಅಲ್ವಾ ಸಮಸ್ಯೆ? ಜಾಗ ತೆಗೆದುಕೊಂಡರೆ ಭೂಸ್ವಾಧೀನ ಕಾಯ್ದೆ ಬರುತ್ತಿತ್ತು.

ಇಲ್ಲಿ ಬಂದಿರುವುದು 1885ರ ಟೆಲಿಗ್ರಾಫ್ ಕಾಯ್ದೆ. ಟೆಲಿಗ್ರಾಂ 2013ರಲ್ಲೇ ನಿಂತಿತು. ಆದರೆ ತಂತಿ ಕಂಬ ನೆಡಲು ಬ್ರಿಟಿಷರು ಬರೆದುಕೊಂಡ ಅಧಿಕಾರವನ್ನು 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಮೂಲಕ ಲೈನ್ ಎಳೆಯುವವರಿಗೂ ಕೊಡಬಹುದು. ಆ ಅಧಿಕಾರ ಸಿಕ್ಕವರು ಜಾಗ ಕೊಂಡುಕೊಳ್ಳಬೇಕಿಲ್ಲ. ಮೇಲೆ ಹಾದು ಹೋಗಬಹುದು, ಕೆಳಗೆ ಗೋಪುರ ನಿಲ್ಲಿಸಬಹುದು, ಅಡ್ಡ ಬಂದ ಮರಕ್ಕೆ ದುಡ್ಡು ಕೊಟ್ಟು ಕಡಿಯಬಹುದು. ತಡೆದರೆ ಡಿಸಿ ಆದೇಶ ಕೊಡುತ್ತಾರೆ. 2023ರಲ್ಲಿ ಹೊಸ ಟೆಲಿಕಾಂ ಕಾಯ್ದೆ ಬಂತಲ್ಲ, ಆಗ ಹಳೆಯ ಕಾಯ್ದೆಯನ್ನು ತೆಗೆದುಹಾಕಿದರೂ ವಿದ್ಯುತ್ ಲೈನುಗಳಿಗಾಗಿ ಈ ಒಂದು ಭಾಗವನ್ನು ಜೋಪಾನವಾಗಿ ಉಳಿಸಿಕೊಂಡರು. ಇದನ್ನು ಸಭೆಯಲ್ಲಿ ಹೇಳಿದ್ದು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಮಾತು ಸ್ವಲ್ಪ ಉದ್ದ, ಎಲ್ಲರಿಗೂ ಆಕಳಿಕೆ. ಆದರೆ ಇಡೀ ಸಭೆಯಲ್ಲಿ ಕಾಗದ ಓದಿಕೊಂಡು ಬಂದಿದ್ದವರು ಅವರೊಬ್ಬರೇ.

ಪರಿಹಾರದ ವಿಷಯ ಬಂದಾಗ ಸಭೆಗೆ ಜೀವ ಬಂತು. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಗೋಪುರ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಇತ್ತು. 2024ರಲ್ಲಿ ಅದು ಶೇ. 200 ಮತ್ತು ಶೇ. 30 ಆಯಿತು. ಹೋರಾಟ ಮಾಡಿದ್ದಕ್ಕೆ ಸಿಕ್ಕಿದ್ದು, ಬೇಡ ಅನ್ನುವ ಹಾಗಿಲ್ಲ. ಆದರೆ ಯಾವ ಬೆಲೆಯ ಶೇ. 30 ಅನ್ನುವುದರಲ್ಲೇ ಎಲ್ಲ ಇದೆ. ಸರ್ಕಾರಿ ದರಕ್ಕೂ ಅಡಿಕೆ ತೋಟ ಕೈ ಬದಲಾಗುವ ದರಕ್ಕೂ ಇರುವ ಅಂತರ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ?

ನನ್ನನ್ನು ಕಾಡಿದ್ದು ಇನ್ನೊಂದು. ಲೈನ್ ಕಾಡಿಗೆ ಹೋಗಬೇಕಾದರೆ ಬೇರೆ ಬೇರೆ ದಾರಿ ನೋಡಿ, ಕಾಡು ಆದಷ್ಟು ಕಮ್ಮಿ ಹೋಗುವುದನ್ನು ಆರಿಸಬೇಕು. ಒಳ್ಳೆಯ ನಿಯಮ. ಗೋವಾದ ಮೊಲ್ಲೆಂ ಕಾಡು ಉಳಿಸಿ ಅನ್ನುವ ಗಲಾಟೆಯಲ್ಲಿ ನಾನೂ ಸಹಿ ಹಾಕಿದವಳು. ಧಾರವಾಡದ ನರೇಂದ್ರದಿಂದ ಗೋವಾಕ್ಕೆ ಹೋಗುವ 400 ಕೆವಿ ಲೈನ್ ಅಭಯಾರಣ್ಯದಲ್ಲಿ ಹೊಸ ದಾರಿ ಕಡಿಯಬಾರದು, ಈಗಾಗಲೇ ಇರುವ 220 ಕೆವಿ ಲೈನಿನ ದಾರಿಯಲ್ಲೇ ಹೋಗಲಿ ಅಂತ ಸುಪ್ರೀಂ ಕೋರ್ಟಿನ ಸಮಿತಿ 2021ರಲ್ಲಿ ಹೇಳಿತು. ಖುಷಿಯಾಗಿತ್ತು, ಈಗಲೂ ಅದು ಸರಿ ಅಂತಲೇ ನಂಬುತ್ತೇನೆ. ಆದರೆ ಕಾಡು ತಪ್ಪಿಸಿದ ಲೈನ್ ಆಕಾಶದಲ್ಲಿ ಮಾಯವಾಗುವುದಿಲ್ಲ. ತೋಟಕ್ಕೆ ಬರುತ್ತದೆ. ತೋಟದ ಮರ ಎಣಿಸುವುದು ರೇಟು ಕಟ್ಟಲು ಮಾತ್ರ. ಇಷ್ಟು ಅಡಿಕೆ, ಇಷ್ಟು ತೆಂಗು, ಇಷ್ಟು ಹಲಸು ಅಂತ ಒಂದು ಪಟ್ಟಿ, ಅಲ್ಲಿಗೆ ಮುಗಿಯಿತು. ಆ ತೋಟದ ನಡುವೆ ನೀರು ಹರಿಯುವ ತೋಡು, ಗುಡ್ಡದ ಇಳಿಜಾರಿನಲ್ಲಿ ಮಣ್ಣು ಹಿಡಿದಿರುವ ಬೇರು, ಮಳೆಗಾಲದಲ್ಲಿ ಗೋಪುರದ ಗುಂಡಿಯ ಮಣ್ಣು ಎಲ್ಲಿಗೆ ಹೋಗುತ್ತದೆ, ಇದನ್ನೆಲ್ಲ ನೋಡುವುದು ಯಾರ ಕೆಲಸವೂ ಅಲ್ಲ.

ಸಭೆ ಮುಗಿದ ಮೇಲೆ ಚಿಕ್ಕಮ್ಮ ಎಂಜಿನಿಯರನ್ನು ಬಿಡಲಿಲ್ಲ. ಚಹಾದ ಲೋಟ ಅವನ ಕೈಗೆ ಕೊಟ್ಟೇ ಕೇಳಿದಳು. “46 ಮೀಟರಿನಾಚೆ ಉಳಿಯುವ ಮರದ ಕಥೆ ಎಂತ?”

“ಅದಕ್ಕೆ ಏನೂ ಆಗುವುದಿಲ್ಲ ಅಮ್ಮ. ಅದು ನಮ್ಮ ಪಟ್ಟಿಯಲ್ಲೇ ಇಲ್ಲ.”

“ಪಶ್ಚಿಮದ ಮರ ಎಲ್ಲ ಕಡಿದರೆ ಒಳಗಿದ್ದ ಮರಕ್ಕೆ ಮಧ್ಯಾಹ್ನದ ಬಿಸಿಲು ನೇರ ಬಡಿಯುತ್ತದೆ. ಕಾಂಡ ಸುಟ್ಟು ಸೀಳುತ್ತದೆ. ಮತ್ತೆ ಗಾಳಿ ಬಂದರೆ ಮುರಿಯುವುದು ಅದೇ ಮರ.”

ಅಡಿಕೆ ಬೆಳೆದವರಿಗೆಲ್ಲ ಇದು ಗೊತ್ತು. ತೋಟದ ಪಶ್ಚಿಮದ ಅಂಚಿಗೆ ನೆರಳಿನ ಮರ ಬೆಳೆಸುವುದು, ಎಳೆಯ ಮರಕ್ಕೆ ಸೋಗೆ ಕಟ್ಟುವುದು ಇದಕ್ಕೇ. ನಡುತೋಟದಲ್ಲಿ 46 ಮೀಟರ್ ಬಯಲು ಮಾಡಿದರೆ ನೆರಳಲ್ಲಿ ಬೆಳೆದ ಮರಗಳೆಲ್ಲ ಒಮ್ಮೆಲೇ ಅಂಚಿನ ಮರಗಳಾಗುತ್ತವೆ.

ಹುಡುಗ ಫೋನ್ ತೆಗೆದು ಬರೆದುಕೊಂಡ. ಚಿಕ್ಕಮ್ಮನಿಗೆ ಧೈರ್ಯ ಬಂತು. “ದೋಟಿ?” ಅಂದಳು.

ಅವನಿಗೆ ಅರ್ಥ ಆಗಲಿಲ್ಲ. ನಾನು ವಿವರಿಸಿದೆ. ಈಗ ಮರ ಹತ್ತುವವರು ಸಿಗುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವುದೂ ಅಡಿಕೆ ಗೊನೆ ತೆಗೆಯುವುದೂ ಕಾರ್ಬನ್ ಫೈಬರ್ ದೋಟಿಯಲ್ಲಿ. ಅರವತ್ತು, ಎಪ್ಪತ್ತು ಅಡಿ ಉದ್ದದ ಕೋಲು ಅದು. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಅಂಚಿನ ಮರದ ಬುಡದಲ್ಲಿ ನಿಂತವನ ಕೈಯಲ್ಲಿ ದೋಟಿ ಸ್ವಲ್ಪ ಓಲಿದರೂ ಅದರ ತುದಿ ತಂತಿಯ ಕಡೆಗೆ ಹೋಗಬಹುದು. ಅದೂ ಮಳೆಗಾಲದಲ್ಲಿ, ಔಷಧಿಯಿಂದ ಒದ್ದೆಯಾದ ಪೈಪ್ ಸಮೇತ. ಮಾಮೂಲಿ ಕರೆಂಟ್ ತಂತಿಗೆ ದೋಟಿ ತಾಗಿ ಸತ್ತವರ ಸುದ್ದಿ ನಮ್ಮ ಕಡೆ ಪೇಪರಿನಲ್ಲಿ ಆಗಾಗ ಓದುತ್ತೇವೆ. 400 ಕೆವಿಯಲ್ಲಿ ತಾಗುವುದೇ ಬೇಕಿಲ್ಲ, ಹತ್ತಿರ ಹೋದರೂ ಸಾಕು.

ಅವನು ಲೋಟ ಕೆಳಗಿಟ್ಟ. “ಇದು ನನಗೆ ಗೊತ್ತಿರಲಿಲ್ಲ ಮೇಡಂ. ನಮ್ಮಲ್ಲಿ ಅಡಿಕೆ ಇಲ್ಲ.”

ಎಷ್ಟು ಸರಳ ಮಾತು ನೋಡಿ. ಅವನ ಊರಲ್ಲಿ ಅಡಿಕೆ ಇಲ್ಲ, ಗೊತ್ತಿಲ್ಲದ್ದು ತಪ್ಪಲ್ಲ. ಆದರೆ ಇಂಥದ್ದು ಗೊತ್ತಾಗಲಿ ಅಂತಲೇ ಅಲ್ವಾ ಪರಿಸರ ಅಧ್ಯಯನ, ಅಹವಾಲು ಸಭೆ ಅಂತ ಮಾಡುವುದು? ಅದು ಲೈನ್ ನಿಲ್ಲಿಸುವ ತಂತ್ರ ಅಂತ ಅಧಿಕಾರಿಗಳು ತಿಳಿದಿದ್ದಾರೆ. ನಮ್ಮವರಲ್ಲೂ ಕೆಲವರು ಹಾಗೇ ತಿಳಿದಿದ್ದಾರೆ. ನನಗೆ ಲೈನ್ ಬೇಡ ಅನ್ನುವ ಹಟ ಇಲ್ಲ. ಪಾವಗಡದ ಸೋಲಾರ್ ಕರೆಂಟಿಗೂ ಲೈನ್ ಬೇಕು, ಇದನ್ನು ಬರೆಯುವಾಗ ತಲೆ ಮೇಲೆ ತಿರುಗುತ್ತಿರುವ ಫ್ಯಾನಿಗೂ ಬೇಕು. ನೆಲದಡಿಯಲ್ಲಿ ಕೇಬಲ್ ಹಾಕಿ ಅಂತ ನಮ್ಮವರು ಕೇಳುತ್ತಾರೆ. ಪುಗಲೂರು–ತ್ರಿಶ್ಶೂರ್ ಲೈನಿನಲ್ಲಿ ಕೇರಳದ ಭಾಗದ 27 ಕಿಲೋಮೀಟರ್ ಹಾಗೇ ಹಾಕಿದ್ದಾರೆ, 2021ರಿಂದ ನಡೆಯುತ್ತಿದೆ. ಅದು ಡಿಸಿ ಕರೆಂಟು, ಇದು ಎಸಿ ಕರೆಂಟು, ಎಸಿಯಲ್ಲಿ ಉದ್ದದ ಕೇಬಲ್ ಕಷ್ಟ, ಖರ್ಚೂ ಎಷ್ಟೋ ಪಟ್ಟು ಅಂತ ಎಂಜಿನಿಯರ್ ಹೇಳಿದ. ಅದರಲ್ಲಿ ಸತ್ಯ ಇದೆ. ಹಾಗಾದರೆ ಎಲ್ಲಿ ಸಾಧ್ಯ, ಎಲ್ಲಿ ಗೋಪುರ ಎತ್ತರಿಸಿದರೆ ಮರ ಉಳಿಯುತ್ತದೆ, ಎಲ್ಲಿ ಕಲ್ಲುಪಾರೆಯ ಬದಿಗೆ ತಿರುಗಿಸಬಹುದು ಅಂತ ಊರೂರಿಗೂ ಬಂದು ಕೂತು ನೋಡಲಿ. ನಕ್ಷೆಯ ಮೇಲೆ ಗೆರೆ ಎಳೆದಾದ ಮೇಲೆ ನಮ್ಮನ್ನು ಕರೆದು ರೇಟು ಮಾತಾಡುವುದಕ್ಕೆ ಸಭೆ ಅಂತ ಹೆಸರಿಟ್ಟರೆ ಹೇಗೆ?

ಹೊರಡುವಾಗ ಆ ಹುಡುಗ ಒಂದು ಮಾತು ಹೇಳಿದ. “ಬಾಯಲ್ಲಿ ಹೇಳಿದ್ದು ನನ್ನ ತನಕ ಬಂದು ನಿಲ್ಲುತ್ತದೆ ಮೇಡಂ. ಬರೆದು ಡಿಸಿ ಆಫೀಸಿಗೆ ಕೊಡಿ. ಅರ್ಜಿಗೆ ನಂಬರ್ ಬಿದ್ದರೆ ನಮ್ಮವರು ಉತ್ತರ ಬರೆಯಲೇಬೇಕು.”

ಹಾಗಾಗಿ ಈ ವಾರ ಆಕ್ಷೇಪಣೆ ಬರೆಯುತ್ತಿದ್ದೇನೆ. ಬ್ಯಾಂಕ್ ಮ್ಯಾನೇಜರ್ ಕಲಂ, ಕಾಯ್ದೆ ಎಲ್ಲ ತಿದ್ದಿ ಕೊಟ್ಟರು, ಎರಡು ಪುಟ ಜಾಸ್ತಿಯೇ ಆಯಿತು. ಬಿಸಿಲಿನದ್ದು, ತೋಡಿನದ್ದು, ದೋಟಿಯದ್ದು ಬೇರೆ ಬೇರೆ ಬರೆದಿದ್ದೇನೆ. ಫೋನಲ್ಲಿ ಪೂರ್ತಿ ಓದಿ ಹೇಳಿದೆ. ಚಿಕ್ಕಮ್ಮ ಎಲ್ಲ ಕೇಳಿ, “ಗಾಳಿಯದ್ದು ಎಲ್ಲಿ?” ಅಂದಳು. ಅದು ಸಭೆಯಲ್ಲಿ ಹೇಳಿದ ಮಾತಲ್ವಾ, ಅರ್ಜಿಯಲ್ಲಿ ಯಾಕೆ ಅಂದೆ. “ಅವತ್ತು ಉತ್ತರ ಕೊಟ್ಟಿದ್ದಾನಾ?” ಅಂದಳು.

ಮೊದಲನೇ ಪ್ರಶ್ನೆಯಾಗಿ ಅದನ್ನೇ ಹಾಕಿದೆ.