ಫ್ರೀ ಸ್ಪೂನು, ಕೂಪನ್ ಕೋಡು, ನಮ್ಮನೆ ರೇಟ್ ಪುಸ್ತಕ

ಟೀ ಪುಡಿ ಪ್ಯಾಕೆಟ್ ತಗೊಂಡಾಗ ಒಂದ್ಸಲ ತಿರುಗಿಸಿ ನೋಡಿ. ಹಿಂದ್ಗಡೆ ಟೇಪ್ ಕಿತ್ತಿರೋ ಗುರುತು, ಅಲ್ಲಲ್ಲಿ ಪ್ರಿಂಟ್ ಎದ್ದು ಬಂದಿರೋ ಬಿಳಿ ಪಟ್ಟಿ ಕಾಣ್ಸಿದ್ರೆ ಅಲ್ಲೊಂದು ಸ್ಪೂನೋ ಬೌಲೋ ಅಂಟ್ಕೊಂಡಿತ್ತು ಅಂತ ಅರ್ಥ. ಅದು ಈಗ ಎಲ್ಲಿದೆ ಅಂದ್ರೆ ಗಲ್ಲಾ ಪೆಟ್ಟಿಗೆ ಹಿಂದಿನ ರಟ್ಟಿನ ಡಬ್ಬದಲ್ಲಿದೆ. ನಮ್ಮ ಏರಿಯಾದ ಒಂದು ಅಂಗಡೀಲಿ ನಾನು ಕೇಳಿದ್ದಕ್ಕೆ "ಅಯ್ಯೋ ಕಂಪ್ನಿಯಿಂದ್ಲೇ ಬಂದಿಲ್ಲ ಅಕ್ಕಾ" ಅಂದ್ರು, ನಾನು ಟೇಪ್ ಗುರುತು ತೋರ್ಸಿದೆ, ಅವ್ರು ಒಂದು ನಿಮಿಷ ನನ್ನ ಮುಖ ನೋಡಿ ಆಮೇಲೆ ಹುಡುಗನ್ನ ಕರ್ದು "ಲೋ, ಅದ್ಯಾವ್ದೋ ಬಾಕ್ಸ್‌ನಲ್ಲಿದ್ಯಾ ನೋಡೋ" ಅಂದ್ರು, ಬಂತು ನೋಡಿ ಸ್ಪೂನು! ಈಗ ನಾನು ಹೋದ್ರೆ ಕೇಳೋ ಮುಂಚೇನೇ ಇಡ್ತಾರೆ.

ಕೇಳೋಕೆ ನಾಚ್ಕೊಳ್ಬೇಡಿ. ಪ್ಯಾಕೆಟ್ ಮೇಲೆ ಉಚಿತ ಅಂತ ಪ್ರಿಂಟ್ ಆಗಿದ್ರೆ ಅದು ಕೊಂಡವರಿಗೆ ಸೇರಿದ್ದು, ಅಂಗಡಿಯವರು ಅದನ್ನ ಬೇರೆ ಮಾರೋಕೆ ಅಲ್ಲ.

ಆದ್ರೆ ಫ್ರೀ ಅಂತ ಎಲ್ಲಾ ತಂದು ತುಂಬ್ಕೊಳ್ಳೋದಲ್ಲ. ನನ್ನ ಲೆಕ್ಕದಲ್ಲಿ ಪೇಸ್ಟ್ ಜೊತೆ ಬ್ರಶ್, ಸೋಪು ಮೂರಕ್ಕೆ ಒಂದು ಫ್ರೀ, ಸ್ಟೀಲ್ ಡಬ್ಬ, ಇವು ಓಕೆ, ಹೆಂಗೂ ಬಳಸ್ತೀವಿ. ಪ್ಲಾಸ್ಟಿಕ್ ಮಗ್ಗು, ಮಕ್ಕಳು ಹಾಲಿಗೆ ಬೆರೆಸ್ಕೊಳ್ಳೋ ಪುಡಿ ಜೊತೆ ಬರೋ ಆಟದ ಸಾಮಾನು ಇದಕ್ಕೋಸ್ಕರ ದೊಡ್ಡ ಡಬ್ಬ ಎತ್ಕೊಳ್ಳೋದು ದಂಡ. ಬಟ್ಟೆ ಪೌಡರ್ ಜೊತೆ ಬಕೆಟ್ ಬರತ್ತಲ್ಲ ಅದು ಚೆನ್ನಾಗಿರತ್ತೆ ಒಪ್ಕೋತೀನಿ, ಆದ್ರೆ ಮನೆಗೆ ಎಷ್ಟು ಬಕೆಟ್ ಬೇಕು ಹೇಳಿ. ಕಾಫಿ ಪುಡಿ ವಿಷ್ಯದಲ್ಲಿ ಮಾತ್ರ ನಮ್ಮನೇಲಿ ಯಾವ ಆಫರ್ರೂ ನಡೆಯಲ್ಲ, ಗಾಜಿನ ಜಾರ್ ಫ್ರೀ ಇರ್ಲಿ ಬೆಳ್ಳಿ ಚಮಚ ಫ್ರೀ ಇರ್ಲಿ, ಅತ್ತೆಗೆ ಅದೇ ಕಾಫಿ ವರ್ಕ್ಸ್‌ನಲ್ಲಿ ಕಣ್ಣೆದುರು ಹುರಿದು ಪುಡಿ ಮಾಡಿ ಅವ್ರು ಹೇಳಿದಷ್ಟೇ ಚಿಕೋರಿ ಹಾಕಿದ್ದೇ ಆಗ್ಬೇಕು. ಮೈಸೂರಲ್ಲಿ ಇದ್ಕೊಂಡು ಇದರ ಮೇಲೆ ವಾದ ಮಾಡಕ್ಕಾಗಲ್ಲ.

ಸರಿ ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ನನ್ನ ಹತ್ರ ಒಂದು ರೇಟ್ ಪುಸ್ತಕ ಇದೆ. ಹಳೇ ಲಾಂಗ್ ಬುಕ್, ಮಗಳು ಅರ್ಧ ಬರ್ದು ಬಿಟ್ಟಿದ್ದು. ನಾವು ಪ್ರತಿ ತಿಂಗಳು ತರೋ ಸಾಮಾನು ಮಾತ್ರ ಬರೆಯೋದು, ತೊಗರಿಬೇಳೆ ಉದ್ದಿನಬೇಳೆ ಎಣ್ಣೆ ಸಕ್ಕರೆ ಸೋಪು ಪೌಡರ್ರು ಹಿಂಗೆ, ಪಕ್ಕದಲ್ಲಿ ಯಾವ ಅಂಗಡಿ, ಎಷ್ಟು ಗ್ರಾಂ, 100 ಗ್ರಾಂಗೆ ಎಷ್ಟು ಬಿತ್ತು. ಅಷ್ಟೇ. ಈ ಕೊನೇ ಕಾಲಂ ಇಲ್ದೇ ಆಫರ್ ನೋಡೋಕೆ ಹೋದ್ರೆ ಅವ್ರು ಹೇಳಿದ್ದೇ ನಿಜ ಅನ್ಸತ್ತೆ, ಯಾಕಂದ್ರೆ ಹೋದ ತಿಂಗ್ಳು ಎಷ್ಟಿತ್ತು ಅಂತ ಯಾರಿಗೂ ನೆನಪಿರಲ್ಲ.

ಎಣ್ಣೆ ಪ್ಯಾಕೆಟ್ಟೇ ತಗೊಳ್ಳಿ. ಸನ್‌ಫ್ಲವರ್ ಎಣ್ಣೆ ಒಂದು ಲೀಟರ್ ಅಂದ್ರೆ ತೂಕದಲ್ಲಿ ಹತ್ರ ಹತ್ರ 910 ಗ್ರಾಂ. ಮೊದ್ಲು ಎಲ್ಲಾ ಪ್ಯಾಕೆಟ್ಟೂ ಹಂಗೇ ಬರ್ತಿತ್ತು, ಕಣ್ಣು ಮುಚ್ಕೊಂಡು ತರ್ಬಹುದಿತ್ತು. ಈಗ 870 ಗ್ರಾಂ, 850 ಗ್ರಾಂ, 800 ಗ್ರಾಂ ಅಂತ ಏನೇನೋ ಅಳತೆ ಇದೆ, ಪಕ್ಕಪಕ್ಕ ಇಟ್ರೆ ಪ್ಯಾಕೆಟ್ ಒಂದೇ ಥರ ಕಾಣತ್ತೆ, ಗಾತ್ರ ಒಂದೇ, ಸೂರ್ಯಕಾಂತಿ ಚಿತ್ರ ಒಂದೇ, ಗ್ರಾಂ ಮಾತ್ರ ಕೆಳಗೆ ಮೂಲೇಲಿ ಸಣ್ಣಕ್ಷರದಲ್ಲಿ ಇರತ್ತೆ, ಅದೂ ಪ್ಯಾಕೆಟ್ ಮಡಿಚಿರೋ ಜಾಗದಲ್ಲೇ ಬಂದಿರತ್ತೆ ಬೇಕಾದ್ರೆ ನೋಡಿ. ಒಂದು ಉದಾಹರಣೆಗೆ 910 ಗ್ರಾಂದು 158 ರೂಪಾಯಿ, ಪಕ್ಕದಲ್ಲಿ 850 ಗ್ರಾಂದು ಆಫರ್‌ನಲ್ಲಿ 152 ರೂಪಾಯಿ ಅಂದ್ಕೊಳ್ಳಿ. ಆರು ರೂಪಾಯಿ ಉಳೀತು ಅಂತ ಎರಡನೇದು ಎತ್ಕೋತೀವಿ. ಲೆಕ್ಕ ಹಾಕಿದ್ರೆ ಮೊದಲನೇದು 100 ಗ್ರಾಂಗೆ 17 ರೂಪಾಯಿ 36 ಪೈಸೆ, ಎರಡನೇದು 17 ರೂಪಾಯಿ 88 ಪೈಸೆ. ಅಂದ್ರೆ ಲೀಟರ್ ಮೇಲೆ ನಾಲ್ಕೂಮುಕ್ಕಾಲು ರೂಪಾಯಿ ಹತ್ರ ಜಾಸ್ತಿ ಕೊಟ್ಟು, ಮೇಲಿಂದ ಆಫರ್‌ನಲ್ಲಿ ಸಿಕ್ತು ಅಂತ ಖುಷಿ ಬೇರೆ.

ಈಗ ಪ್ಯಾಕೆಟ್‌ಗಳ ಮೇಲೆ ಎಂಆರ್‌ಪಿ ಹತ್ರಾನೇ ಒಂದು ಗ್ರಾಂಗೆ ಇಷ್ಟು ಅಥವಾ ಒಂದು ಎಂಎಲ್‌ಗೆ ಇಷ್ಟು ಅಂತಾನೂ ಪ್ರಿಂಟ್ ಮಾಡ್ತಾರೆ, ಯುಎಸ್‌ಪಿ ಅಂತ ಬರ್ದಿರತ್ತೆ, ಯೂನಿಟ್ ಸೇಲ್ ಪ್ರೈಸ್. ಒಳ್ಳೇದೇ. ಆದ್ರೆ ಅದು ಎಂಆರ್‌ಪಿ ಮೇಲಿನ ಲೆಕ್ಕ, ಅಂಗಡಿಯವರು ಡಿಸ್ಕೌಂಟ್ ಕೊಟ್ಟಿದ್ರೆ ನಾವೇ ಮೊಬೈಲ್ ತೆಗ್ದು ಭಾಗಾಕಾರ ಮಾಡ್ಬೇಕು. ನಮ್ಮ ಯಜಮಾನ್ರು ಇದೇ ಕಾರಣಕ್ಕೆ ನನ್ನ ಜೊತೆ ಸೂಪರ್ ಮಾರ್ಕೆಟ್‌ಗೆ ಬರಲ್ಲ ಅಂತಾರೆ, ಬರದಿರೋದೇ ವಾಸಿ, ಬಂದ್ರೆ ಚಿಪ್ಸ್ ಎತ್ಕೊಂಡು ಹಾಕ್ತಿರ್ತಾರೆ.

ದೊಡ್ಡ ಪ್ಯಾಕ್ ಯಾವಾಗ್ಲೂ ಅಗ್ಗ ಅನ್ನೋದೂ ಸುಳ್ಳು. ಶಾಂಪೂನಲ್ಲಿ ಎಷ್ಟೋ ಬ್ರ್ಯಾಂಡ್‌ಗೆ ಬಾಟ್ಲಿಗಿಂತ ಒಂದು ರೂಪಾಯಿ ಎರಡು ರೂಪಾಯಿ ಸ್ಯಾಶೆನೇ ಎಂಎಲ್ ಲೆಕ್ಕದಲ್ಲಿ ಕಮ್ಮಿ ಬೀಳತ್ತೆ. ಪ್ಲಾಸ್ಟಿಕ್ ಕಸ ಜಾಸ್ತಿ ಆಗತ್ತೆ ಅದೊಂದು ಬೇಜಾರಿದೆ, ಆದ್ರೆ ಬಾಟ್ಲಿ ಇಟ್ರೆ ಮಕ್ಕಳು ಬೊಗಸೆಗೆ ಸುರ್ಕೋತಾರೆ, ಸ್ಯಾಶೆ ಕೊಟ್ರೆ ಒಂದೇ ಅಂದ್ರೆ ಒಂದೇ.

ಪುಸ್ತಕ ಇನ್ನೊಂದ್ಸಲ ಭಾಳ ಉಪಯೋಗಕ್ಕೆ ಬಂದಿದ್ದು 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಸಿದಾಗ. ಸೋಪು ಶಾಂಪೂ ಪೇಸ್ಟು ತಲೆಗೆ ಹಚ್ಚೋ ಎಣ್ಣೆ ಇವೆಲ್ಲ 18ರಿಂದ 5 ಪರ್ಸೆಂಟ್‌ಗೆ ಬಂತು. ಹಳೇ ರೇಟು ಪುಸ್ತಕದಲ್ಲಿತ್ತಲ್ಲ, ಹೊಸದು ಎಷ್ಟಾಗ್ಬೇಕು ಅಂತ ಲೆಕ್ಕ ಹಾಕ್ಬಹುದಿತ್ತು. ಅಂದ್ರೆ 100 ರೂಪಾಯಿ ಇದ್ದ ಪೇಸ್ಟು 89ರ ಆಸುಪಾಸಿಗೆ ಬರ್ಬೇಕು. 13 ಪರ್ಸೆಂಟ್ ಇಳೀತಲ್ಲ 87 ಆಗ್ಬೇಕಲ್ವಾ ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಗಲಾಟೆ, ಇಲ್ಲ ಕಣ್ರೇ, ತೆರಿಗೆ ಹಾಕೋದು ಒಳಗಿನ ಬೆಲೆ ಮೇಲೆ, ಎಂಆರ್‌ಪಿ ಮೇಲಲ್ಲ, 100ನ್ನ 1.18ರಿಂದ ಭಾಗಿಸಿ 1.05ರಿಂದ ಗುಣಿಸಿ ನೋಡಿ ಅಂತ ಹೇಳೋಷ್ಟರಲ್ಲಿ ಸಾಕಾಯ್ತು.

ಹಾಲಿಂದೂ ಒಂದು ಮಜಾ ಲೆಕ್ಕ ಇದೆ. 2024ರ ಜೂನ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ ಅರ್ಧ ಲೀಟರ್ ಇದ್ದಿದ್ದು 550 ಎಂಎಲ್ ಆಯ್ತು, ರೇಟು 22ರಿಂದ 24. ಹಾಲು ಜಾಸ್ತಿ ಕೊಟ್ಟಿದ್ದಾರೆ, ಲೀಟರ್ ಲೆಕ್ಕ ಹಾಕಿದ್ರೆ 44 ಇದ್ದಿದ್ದು 43 ರೂಪಾಯಿ 64 ಪೈಸೆ ಆಗತ್ತೆ, ಅಂದ್ರೆ ರೇಟ್ ಏರಿಲ್ಲ, ಕೂದಲೆಳೆಯಷ್ಟು ಇಳಿದಿದೆ! ಆದ್ರೆ ದಿನಾ ಒಂದು ಪ್ಯಾಕೆಟ್ ತಗೊಳ್ಳೋ ಮನೆಗೆ ತಿಂಗ್ಳಿಗೆ 60 ರೂಪಾಯಿ ಜಾಸ್ತಿ ಹೋಯ್ತು. ಆ 50 ಎಂಎಲ್ ಯಾರಿಗೆ ಬೇಕಿತ್ತೋ ಅವರಿಗೆ ಲಾಭ, ನಮ್ಮಂಥೋರ ಮನೇಲಿ ಸಂಜೆಗೆ ಇನ್ನೊಂದರ್ಧ ಲೋಟ ಕಾಫಿ ಆಯ್ತು ಅಷ್ಟೇ. ಆಮೇಲೆ 2025ರ ಏಪ್ರಿಲ್‌ನಲ್ಲಿ ಆ ಎಕ್ಸ್ಟ್ರಾ ಹಾಲೂ ನಿಂತು ಲೀಟರ್‌ಗೆ 4 ರೂಪಾಯಿ ಏರ್ತು, ಅದಿರ್ಲಿ. ಬಿಸ್ಕೆಟ್ ಮೇಲೆ "20% ಎಕ್ಸ್ಟ್ರಾ" ಅಂತ ಬಂದ್ರೂ ಇದೇ ಪ್ರಶ್ನೆ ಕೇಳ್ಕೊಳ್ಳಿ, ಯಾವುದಕ್ಕಿಂತ ಎಕ್ಸ್ಟ್ರಾ, ಹೋದ ವರ್ಷದ ಪ್ಯಾಕೆಟ್‌ಗಿಂತಾನಾ?

ಆ್ಯಪ್ ಕೂಪನ್ನಿಗೆ ಬರೋಣ. 50% ಆಫ್ ಅಂತ ದಪ್ಪಕ್ಷರದಲ್ಲಿರತ್ತೆ, ಕೆಳಗೆ ನೋಡಿದ್ರೆ "80 ರೂಪಾಯಿವರೆಗೆ", ಇನ್ನೂ ಕೆಳಗೆ "ಕನಿಷ್ಠ ಆರ್ಡರ್ 499". 499ಕ್ಕೆ 80 ಅಂದ್ರೆ 16 ಪರ್ಸೆಂಟು. ಅದ್ರಲ್ಲಿ ಹ್ಯಾಂಡ್ಲಿಂಗ್ ಚಾರ್ಜು, ಡೆಲಿವರಿ ಚಾರ್ಜು, ಮಳೆ ಬಂದ್ರೆ ಮಳೆ ಚಾರ್ಜು ಕಳೀರಿ. 430 ರೂಪಾಯಿ ಸಾಮಾನು ಹಾಕಿದ್ರೆ "ಇನ್ನು 69 ರೂಪಾಯಿ ಸೇರಿಸಿ" ಅಂತ ಹಸಿರು ಪಟ್ಟಿ ಬರತ್ತೆ ನೋಡಿ, ಅಲ್ಲೇ ಬೇಡದ ನೂಡಲ್ಸು ಮನೆಗೆ ಬರೋದು. ನಾನು ಮಾಡೋದು ಇಷ್ಟು: ಬೇಕಾಗಿರೋದು ಕಾರ್ಟ್‌ಗೆ ಹಾಕಿ ಆರ್ಡರ್ ಮಾಡ್ದೇ ಬಿಟ್ಬಿಡ್ತೀನಿ, ಎಷ್ಟೋ ಸಲ ಮಾರನೇ ದಿನ ಅವ್ರೇ "ನಿಮ್ಮ ಕಾರ್ಟ್ ಕಾಯ್ತಿದೆ" ಅಂತ ಒಂದು ಕೂಪನ್ ಕಳಿಸ್ತಾರೆ, ಕಳಿಸ್ದೇ ಇದ್ರೂ ನಷ್ಟ ಇಲ್ಲ, ಬೆಳಗ್ಗೆ ಎದ್ದು ನೋಡಿದ್ರೆ ಅರ್ಧ ಸಾಮಾನು ಬೇಕಿಲ್ಲ ಅನ್ಸತ್ತೆ. ಕಾರ್ಡ್ ಆಫರ್ ಇದ್ರೆ ಯಾವ ಬ್ಯಾಂಕು ಅಂತ ನೋಡ್ಕೊಳ್ಳಿ, ಅದಕ್ಕೋಸ್ಕರ ಹೊಸ ಕ್ರೆಡಿಟ್ ಕಾರ್ಡ್ ಮಾಡಿಸ್ಬೇಡಿ. ಫಸ್ಟ್ ಆರ್ಡರ್ ಕೂಪನ್ ಅಂತ ಅತ್ತೆ ನಂಬರ್‌ನಲ್ಲಿ ಒಂದು ಆ್ಯಪ್ ಹಾಕ್ಕೊಟ್ಟಿದ್ದೆ, ಈಗ ರಾತ್ರಿ ಒಂಬತ್ತಕ್ಕೆ ಅವರ ಮೊಬೈಲ್‌ಗೆ "ಹಸಿವಾಗ್ತಿದ್ಯಾ?" ಅಂತ ಮೆಸೇಜ್ ಬರತ್ತೆ, "ಇವನ್ಯಾರೇ ದಿನಾ ವಿಚಾರಿಸ್ತಾನೆ" ಅಂತಾರೆ.

ಈ ಮಿತಿ ದಾಟೋ ಆಟ ಕರೆಂಟ್ ಬಿಲ್ಲಲ್ಲೂ ಇದೆ, ಆದ್ರೆ ಉಲ್ಟಾ. ಗೃಹಜ್ಯೋತೀಲಿ ನಮ್ಮ ಹಳೇ ಬಳಕೆ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಕೊಟ್ಟಿದ್ದಾರೆ, ಅದನ್ನ ದಾಟಿದ್ರೆ ಹೆಚ್ಚಿಗೆ ಉರಿಸಿದ್ದಕ್ಕೆ ಮಾತ್ರ ದುಡ್ಡು, ಆದ್ರೆ 200 ಯೂನಿಟ್ ದಾಟ್ತೋ ಪೂರ್ತಿ ಬಿಲ್ ನಮ್ಮದೇ. 201 ಆದ್ರೂ ಅಷ್ಟೇ. ಹಂಗಾಗಿ ರೀಡಿಂಗ್‌ಗೆ ಬರೋಕೆ ಒಂದು ವಾರ ಮುಂಚೆ ನಾನೇ ಮೀಟರ್ ನೋಡ್ಕೋತೀನಿ, ಹೋದ ತಿಂಗಳ ಬಿಲ್‌ನಲ್ಲಿರೋ ರೀಡಿಂಗ್ ಕಳೆದ್ರೆ ಆಯ್ತು. ಡಿಸೆಂಬರ್ ಜನವರೀಲಿ ಗೀಸರ್ ಮೇಲೆ ಸ್ವಲ್ಪ ಜಗಳ ಆಗತ್ತೆ.

ಇನ್ನು ತರಕಾರಿ. ನಾವು ಹೆಂಗಸರಿಗೆ 2023ರ ಜೂನ್ 11ರಿಂದ ಬಸ್ ಫ್ರೀ ಇದೆಯಲ್ಲ, ಅದನ್ನ ಬಿಟ್ಟು ದೊಡ್ಡ ಕೂಪನ್ ಯಾವ್ದಿದೆ ಹೇಳಿ. ಆಧಾರ್ ಕಾರ್ಡ್ ತೋರಿಸಿ ಝೀರೋ ಟಿಕೆಟ್ ತಗೊಂಡು ಎಂ.ಜಿ. ರೋಡ್ ಮಾರ್ಕೆಟ್‌ಗೆ ಹೋದ್ರೆ ಮನೆ ಮುಂದೆ ಗಾಡೀಲಿ ಬರೋ ರೇಟಿಗೂ ಅಲ್ಲಿಗೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತಾಗತ್ತೆ, ಒಬ್ಬಳೇ ಹೋಗ್ದೇ ಪಕ್ಕದ ಮನೆಯವರನ್ನೂ ಕರ್ಕೊಂಡು ಹೋಗಿ ಈರುಳ್ಳಿ ಆಲೂಗಡ್ಡೆ ಒಟ್ಟಿಗೆ ತಗೊಂಡು ಹಂಚ್ಕೊಂಡ್ರೆ ಇನ್ನೂ ಕಮ್ಮಿ. ಸೊಪ್ಪು ಮಾತ್ರ ಮನೆ ಮುಂದೆ ಬರೋ ಅಜ್ಜಿ ಹತ್ರಾನೇ ತಗೋತೀನಿ, ಅಲ್ಲಿ ಚೌಕಾಸಿನೂ ಮಾಡಲ್ಲ. ಹಾಪ್‌ಕಾಮ್ಸ್‌ನವರು ದ್ರಾಕ್ಷಿ, ಕಲ್ಲಂಗಡಿ, ಮಾವಿನ ಮೇಳ ಮಾಡ್ತಾರೆ ಸೀಸನ್‌ನಲ್ಲಿ, ಆಗ ಡಿಸ್ಕೌಂಟ್ ಇರತ್ತೆ.

ನಮ್ಮನೇಲಿ ಅತಿ ಜಾಸ್ತಿ ಉಳ್ದಿರೋದು ಎಲ್ಲಿ ಅಂದ್ರೆ ಮಾತ್ರೇಲಿ. ಮಾವನವರಿಗೆ ಬಿಪಿ ಶುಗರ್ ಎರಡೂ ಇದೆ. ಮೆಡಿಸಿನ್ ಆ್ಯಪ್‌ನಲ್ಲಿ 20 ಪರ್ಸೆಂಟ್ ಕೂಪನ್ ಹುಡುಕ್ಕೊಂಡು ಕೂತಿರೋ ಬದ್ಲು ಜನೌಷಧಿ ಕೇಂದ್ರದಲ್ಲಿ ಅದೇ ಮಾತ್ರೆ ಅರ್ಧಕ್ಕಿಂತ ಕಮ್ಮಿಗೆ ಸಿಗತ್ತೆ, ಕೆಲವಂತೂ ಇನ್ನೂ ಎಷ್ಟೋ ಕಮ್ಮಿ. ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಹೆಸರಿನ ಹತ್ರ ಮದ್ದಿನ ಹೆಸರಿರತ್ತೆ, ಟೆಲ್ಮಿಸಾರ್ಟಾನ್ 40 ಅಂತಾನೋ ಮೆಟ್‌ಫಾರ್ಮಿನ್ 500 ಅಂತಾನೋ, ಅದನ್ನ ತೋರಿಸಿ ಕೇಳ್ಬೇಕು. ಮೊದಲನೇ ಸಲ ಡಾಕ್ಟರ್‌ಗೆ ಒಂದು ಮಾತು ಹೇಳಿ ಬದಲಾಯ್ಸಿ, ಸ್ಲೋ ರಿಲೀಸ್ ಮಾತ್ರೆ ಬೇರೆ ಮಾಮೂಲಿ ಮಾತ್ರೆ ಬೇರೆ, ನಾವೇ ತೀರ್ಮಾನ ಮಾಡೋ ವಿಷ್ಯ ಅಲ್ಲ. ಅಲ್ಲೇ ಸುವಿಧಾ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ, ಮನೇಲಿ ಹೆಣ್ಮಕ್ಕಳಿದ್ರೆ ನೋಡಿ. ಸ್ಟಾಕ್ ಎಲ್ಲಾ ಸಲ ಇರಲ್ಲ, ಒಂದು ಫೋನ್ ಮಾಡಿ ಹೋಗೋದು ಒಳ್ಳೇದು.

ಸ್ವಂತ ಮನೆ ಇರೋರು ಕಂದಾಯನ ಏಪ್ರಿಲ್‌ನಲ್ಲೇ ಒಂದೇ ಸಲ ಕಟ್ಟಿಬಿಡಿ, 5 ಪರ್ಸೆಂಟ್ ರಿಯಾಯ್ತಿ ಇದೆ. ಹತ್ತು ಸಾವಿರ ಕಂದಾಯ ಇದ್ರೆ ಐನೂರು ರೂಪಾಯಿ ಉಳೀತು, ಯಾವ ಕೋಡೂ ಬೇಡ.

ಇನ್ನೊಂದು ಹೇಳ್ಲೇಬೇಕು. ಪೋಸ್ಟ್‌ನಲ್ಲಿ ಸ್ಕ್ರ್ಯಾಚ್ ಕಾರ್ಡ್ ಬರತ್ತೆ, ಯಾವ್ದೋ ಆನ್‌ಲೈನ್ ಶಾಪಿಂಗ್ ಕಂಪ್ನಿ ಹೆಸರು, ಉಜ್ಜಿದ್ರೆ ಕಾರ್ ಬಂದಿದೆ ಅಂತಿರತ್ತೆ, ಫೋನ್ ಮಾಡಿದ್ರೆ ಸೊಗಸಾಗಿ ಕನ್ನಡದಲ್ಲೇ ಮಾತಾಡ್ತಾರೆ, ಜಿಎಸ್‌ಟಿ ಮಾತ್ರ ಮೊದ್ಲು ಕಟ್ಬೇಕು ಮೇಡಂ ಅಂತಾರೆ. ನಮ್ಮ ನೆಂಟರೊಬ್ಬರು ದುಡ್ಡು ಹಾಕೋಕೆ ರೆಡಿ ಆಗಿದ್ರು, ಕೊನೇ ಗಳಿಗೇಲಿ ಮಗ ತಡೆದ. ಬಹುಮಾನ ಕೊಡೋರು ಮೊದ್ಲು ದುಡ್ಡು ಕೇಳಿದ್ರೆ ಫೋನ್ ಇಡಿ, ದುಡ್ಡು ಹೋಗಿಬಿಟ್ಟಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ವಾಪಸ್ ಬರೋ ಚಾನ್ಸ್ ಇರತ್ತೆ. ಮಾಲ್ ಬಾಗಿಲಲ್ಲಿ ಲಕ್ಕಿ ಡ್ರಾ ಚೀಟಿ ಕೊಡ್ತಾರಲ್ಲ ಅದಕ್ಕೂ ನಂಬರ್ ಬರೀಬೇಡಿ. ದೀಪಾವಳಿ ಚೀಟಿ ಅಂತ ತಿಂಗ್ಳು ತಿಂಗ್ಳು ದುಡ್ಡು ಕಟ್ಟಿಸ್ಕೊಂಡು ಹಬ್ಬಕ್ಕೆ ಸ್ವೀಟು ಪಾತ್ರೆ ಪಟಾಕಿ ಕೊಡೋರೂ ಇದ್ದಾರೆ, ಅದೇ ದುಡ್ಡು ಪೋಸ್ಟ್ ಆಫೀಸ್ ಆರ್‌ಡಿಗೆ ಹಾಕಿದ್ರೆ ಬಡ್ಡಿನೂ ಬರತ್ತೆ, ಪಾತ್ರೇನೂ ನಮಗೆ ಬೇಕಾದ್ದೇ ತಗೋಬಹುದು.

ಇಷ್ಟೆಲ್ಲ ಲೆಕ್ಕ ಹಾಕೋ ನಾನು ನವೆಂಬರ್ ಬಂದ್ರೆ ಮಾತ್ರ ರೇಟ್ ಪುಸ್ತಕ ಮುಚ್ಚಿಡ್ತೀನಿ. ರಾಜ್ಯೋತ್ಸವಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದವರು ತಮ್ಮ ಪುಸ್ತಕಗಳನ್ನ ಅರ್ಧ ಬೆಲೆಗೆ ಕೊಡ್ತಾರೆ, ಬೇರೆ ಪ್ರಕಾಶಕರೂ ಒಂದಿಷ್ಟು ರಿಯಾಯ್ತಿ ಹಾಕಿರ್ತಾರೆ, ಅಲ್ಲಿ ಹೋದ್ರೆ ಚೀಲ ತುಂಬ್ಸಿಕೊಂಡೇ ಬರೋದು. ಹೋದ್ಸಲ ಚೀಲ ಕೆಳಗಿಟ್ಟ ತಕ್ಷಣ ನಮ್ಮ ಯಜಮಾನ್ರು ಮೊಬೈಲ್ ಕ್ಯಾಲ್ಕುಲೇಟರ್ ತೆಗ್ದು "100 ಗ್ರಾಂಗೆ ಎಷ್ಟು ಬಿತ್ತು?" ಅಂತ ಕೇಳಿದ್ರು. ಕಾಫಿ ಕೊಡಲ್ಲ ಅಂದೆ, ಸುಮ್ಮನಾದ್ರು.