ಜಿಮ್ನಿ ಎತ್ತಿದ ಶನಿವಾರ

ಗಾಡಿ ಮಾರುತಿಯ ಐದು ಬಾಗಿಲಿನ ಜಿಮ್ನಿ. ಕೆಲಸ, ಸ್ಪ್ರಿಂಗ್ ಬದಲಿಸಿ ಅದರ ಮೈಯನ್ನು ಎತ್ತರಿಸುವುದು. ಸಾಮಾನು ಇಷ್ಟು: 40 ಎಂಎಂ ಎತ್ತರ ಕೊಡುವ ನಾಲ್ಕು ಸ್ಪ್ರಿಂಗ್, ಅದಕ್ಕೆ ಹೊಂದುವ ಉದ್ದದ ನಾಲ್ಕು ಗ್ಯಾಸ್ ಶಾಕ್ ಅಬ್ಸಾರ್ಬರ್, ಆಕ್ಸಲ್ ಅಡ್ಡಕ್ಕೆ ಜರುಗದಂತೆ ಹಿಡಿಯುವ, ಉದ್ದ ಹೊಂದಿಸಬಹುದಾದ ಎರಡು ಲ್ಯಾಟರಲ್ ರಾಡ್, ಆಕ್ಸಲನ್ನು ಚಾಸಿಗೆ ಸೇರಿಸುವ ಮುಂದಿನ ತೋಳುಗಳಿಗೆ ನಾಲ್ಕು ಕ್ಯಾಸ್ಟರ್ ಬುಷ್ (ಕೀಲಿನ ರಬ್ಬರ್ ತುಂಡು). ಬೆಳಿಗ್ಗೆ ಎಂಟಕ್ಕೆ ಕೈ ಹಾಕಿದ್ದು ಮುಗಿದಾಗ ಸಂಜೆ ಐದೂವರೆ. ಇಬ್ಬರು ಬೇಕೇ ಬೇಕು.

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆವು. ಮಲೆನಾಡಿನ ಎರಡು ಮಳೆಗಾಲ ಕಂಡ ಗಾಡಿಯಲ್ಲಿ ಶಾಕ್‌ನ ಕೆಳಗಿನ ಬೋಲ್ಟು ಸುಲಭಕ್ಕೆ ಬರುವುದಿಲ್ಲ. ಬೆಳಿಗ್ಗೆ ಮೊದಲ ಕೆಲಸ ಅಳತೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಬರೆದುಕೊಂಡೆವು. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ವಿಫ್ಟ್‌ನಂಥ ಕಾರಿನ ಮುಂದಿನ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಬೇಕು, ಅದು ಜಾರಿದರೆ ಕೈ ಮುರಿಯುತ್ತದೆ. ಇಲ್ಲಿ ಆ ಅಪಾಯವಿಲ್ಲ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಅಡಿಗೆ ಇನ್ನೊಂದು ಜಾಕ್ ಕೊಟ್ಟು, ಶಾಕ್ ಬಿಚ್ಚಿ, ಮುಂದಾದರೆ ಗಾಡಿಯ ವಾಲಾಟ ತಡೆಯುವ ಸ್ಟೆಬಿಲೈಸರ್‌ನ ಲಿಂಕ್ ಕೂಡ ಬಿಡಿಸಿ ಜಾಕ್ ಇಳಿಸುತ್ತ ಬಂದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಆದರೆ ಕಣ್ಣು ಬ್ರೇಕ್ ಹೋಸ್ ಮೇಲಿರಬೇಕು. ಆಕ್ಸಲ್‌ನ ಭಾರ ಅದರ ಮೇಲೆ ಬಿದ್ದರೆ ಹೊರಗೆ ಏನೂ ಕಾಣದೆ ಹೋಸ್ ಒಳಗೇ ಹರಿದುಹೋಗುತ್ತದೆ. ಎಬಿಎಸ್ ವೈರಿನ ಕ್ಲಿಪ್ಪುಗಳನ್ನೂ ಮೊದಲೇ ಬಿಡಿಸಿಡಿ.

ಹೊಸ ಸ್ಪ್ರಿಂಗ್ ಕೂರಿಸುವ ಮುಂಚೆ ಒಂದು ಪರೀಕ್ಷೆ ಇದೆ, ಬಹಳ ಕಡೆ ಇದನ್ನು ಮಾಡುವುದೇ ಇಲ್ಲ. ಸ್ಪ್ರಿಂಗ್ ಇಲ್ಲದೆಯೇ ಆಕ್ಸಲನ್ನು ಬಂಪ್ ಸ್ಟಾಪ್‌ಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್ ದಿಮ್ಮಿ) ತಾಗುವವರೆಗೆ ಜಾಕ್‌ನಿಂದ ಎತ್ತಿ, ಶಾಕ್‌ನ ಮೇಲಿನ ಕೆಳಗಿನ ಹಿಡಿತಗಳ ನಡುವಿನ ದೂರ ಅಳೆಯಬೇಕು. ಪೂರ್ತಿ ಒತ್ತಿದ ಹೊಸ ಶಾಕ್ ಅದಕ್ಕಿಂತ 15–20 ಎಂಎಂ ಆದರೂ ಗಿಡ್ಡ ಇರಬೇಕು. ಇಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ಬಂಪ್ ಸ್ಟಾಪ್‌ಗಿಂತ ಮೊದಲು ಶಾಕ್‌ನ ತಳವೇ ಹೊಡೆತ ತಿನ್ನುತ್ತದೆ. ನಮ್ಮಲ್ಲಿ ಹಿಂದಿನ ಆಕ್ಸಲ್‌ನಲ್ಲಿ 11 ಎಂಎಂ ಮಾತ್ರ ಉಳಿಯಿತು. ಬಂಪ್ ಸ್ಟಾಪ್‌ಗೆ 10 ಎಂಎಂ ಸ್ಪೇಸರ್ ಕೊಡಬೇಕಾಯಿತು.

ಎರಡು ಕೊಳವೆಯ ಗ್ಯಾಸ್ ಶಾಕನ್ನು ನೆಟ್ಟಗೆ ನಿಲ್ಲಿಸಿ ಐದಾರು ಸಲ ಪೂರ್ತಿ ಒತ್ತಿ ಬಿಡಿ. ಮಲಗಿಸಿಟ್ಟಾಗ ಎಣ್ಣೆಯೊಳಗೆ ಸೇರಿದ ಗ್ಯಾಸ್ ಮೇಲೆ ಬರುತ್ತದೆ, ಮೊದಮೊದಲು ಶಾಕ್ ಸಡಿಲ ಎನ್ನಿಸುವುದಿಲ್ಲ. ಮೇಲಿನ ನಟ್ಟು ಬಿಗಿಯುವಾಗ ರಾಡ್ ಸುತ್ತತೊಡಗಿದರೆ ಇಕ್ಕಳ ಹಾಕಲೇಬೇಡಿ. ಹೊಳೆಯುವ ರಾಡ್ ಮೇಲೆ ಬಿದ್ದ ಒಂದು ಗೀರು ಸೀಲನ್ನು ಕೊರೆದು ಎಣ್ಣೆ ಹೊರಹಾಕುತ್ತದೆ. ರಾಡ್ ತುದಿಯಲ್ಲೇ ಹಿಡಿಯಲು ಜಾಗ ಮಾಡಿರುತ್ತಾರೆ.

ಎಡ ಹಿಂದಿನ ಸ್ಪ್ರಿಂಗ್ ನಮ್ಮನ್ನು ಮೋಸ ಮಾಡಿತು. ಸ್ಪ್ರಿಂಗ್ ತುದಿ ಅದು ಕೂರುವ ತಟ್ಟೆಯ ಮೆಟ್ಟಿಲಿಗೆ ತಾಗಿಯೇ ಕೂರಬೇಕು. ಅದು ಎರಡು ಬೆರಳಿನಷ್ಟು ಹಿಂದೆ ನಿಂತಿತ್ತು. ಗಾಡಿ ಇಳಿಸಿ ಬಂಪರ್ ಒತ್ತಿದಾಗ ಟಣ್ ಎಂಬ ಸದ್ದು. ಮತ್ತೆ ಎತ್ತಿ, ಶಾಕ್ ಬಿಚ್ಚಿ, ತಿರುಗಿಸಿ ಕೂರಿಸಿದ್ದಕ್ಕೆ ಮುಕ್ಕಾಲು ಗಂಟೆ ಹೋಯಿತು.

ಗಾಡಿ ಎದ್ದಾಗ ಮುಂದಿನ ತೋಳುಗಳು ಇಳಿಜಾರಾಗಿ ಆಕ್ಸಲ್ ಉರುಳುತ್ತದೆ, ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. 800 ಎಂಎಂ ಉದ್ದದ ತೋಳಿನ ತುದಿ 50 ಎಂಎಂ ಇಳಿದರೆ ಸುಮಾರು 3.5 ಡಿಗ್ರಿ. ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲೆದಾಡುವುದು ಇದಕ್ಕೇ. ಕ್ಯಾಸ್ಟರ್ ಬುಷ್‌ನ ತೂತು ನಡುವಿನಲ್ಲಿರುವುದಿಲ್ಲ. ದಿಕ್ಕು ತಪ್ಪಿ ಹಾಕಿದರೆ ತೊಂದರೆ ಇನ್ನೂ ಹೆಚ್ಚುತ್ತದೆ. ಹಳೆ ಬುಷ್ ತೆಗೆಯಲು ಪ್ರೆಸ್ ಇರುವ ಲೇತ್ ಅಂಗಡಿಯೇ ಸರಿ, ಸುತ್ತಿಗೆಯಲ್ಲಿ ಹೊಡೆದರೆ ತೋಳಿನ ಕಣ್ಣು ಕೆಡುತ್ತದೆ. ಒಂದು ತೋಳು ಹೋಗಿ ಬಂದು ಕೂತ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು, ಎರಡನ್ನೂ ತೆಗೆದರೆ ಆಕ್ಸಲ್ ಹಿಡಿತಕ್ಕೆ ಸಿಗುವುದಿಲ್ಲ.

ಗಾಡಿ ಎದ್ದಾಗ ಲ್ಯಾಟರಲ್ ರಾಡ್ ತಾನು ಚಾಸಿಗೆ ಎಲ್ಲಿ ಸೇರಿದೆಯೋ ಆ ಬದಿಗೆ ಆಕ್ಸಲನ್ನು ಎಳೆಯುತ್ತದೆ. ಮಡ್‌ಗಾರ್ಡಿನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ಎರಡೂ ಬದಿಯ ಟೈರಿಗೆ ಅಳೆದು, ರಾಡ್ ಉದ್ದ ಹೊಂದಿಸಿದೆವು. ಸ್ಟೀರಿಂಗ್ ಚಕ್ರ ಓರೆಯಾಗಿದ್ದನ್ನು, ಸ್ಟೀರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಡ್ರ್ಯಾಗ್ ಲಿಂಕ್‌ನಲ್ಲೇ ನೆಟ್ಟಗೆ ಮಾಡಿದೆವು. ಚಕ್ರವನ್ನೇ ಕಿತ್ತು ನೇರ ಹಾಕಿದರೆ ಕೋನ ಅಳೆಯುವ ಸೆನ್ಸರಿಗೆ ಸುಳ್ಳು ಲೆಕ್ಕ ಸಿಕ್ಕಿ, ಗಾಡಿ ಜಾರದಂತೆ ನೋಡಿಕೊಳ್ಳುವ ಇಎಸ್‌ಪಿ ಬೇಡದ ಹೊತ್ತಿನಲ್ಲಿ ಬ್ರೇಕ್ ಹಿಡಿಯಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಬುಷ್ ಬೋಲ್ಟುಗಳ ಕೊನೆಯ ಬಿಗಿತ. ಗಾಡಿ ಗಾಳಿಯಲ್ಲಿರುವಾಗ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ. ಬುಷ್‌ನ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟು ಬಿಗಿದ ಕ್ಷಣದಲ್ಲಿ ತೋಳು ಎಲ್ಲಿದೆಯೋ ಅದೇ ರಬ್ಬರಿನ ವಿಶ್ರಾಂತಿಯ ಜಾಗ. ತೋಳು ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ದಿನವಿಡೀ ಹಾಗೇ ಇರುತ್ತದೆ, ಬೇಗ ಹರಿಯುತ್ತದೆ. ಗಾಡಿಯೂ ಇರಬೇಕಾದ ಎತ್ತರಕ್ಕಿಂತ ಮೇಲೆ ನಿಂತು ಅಳತೆ ತಪ್ಪಿಸುತ್ತದೆ. ನಾವು ಚಕ್ರ ಹಾಕಿ, ಇಳಿಸಿ, ಹತ್ತು ಅಡಿ ಹಿಂದೆ ಮುಂದೆ ಉರುಳಿಸಿ, ಬಂಪರ್ ಕುಲುಕಿ, ಆಮೇಲೆ ಅಡಿಗೆ ಮಲಗಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನ ಅಳತೆಗೆ ಟಾರ್ಕ್ ರೆಂಚ್‌ನಿಂದ ಒಂದೊಂದಾಗಿ ಬಿಗಿದೆವು.

ಪೆಟ್ಟಿಗೆಯ ಮೇಲೆ 40 ಎಂದಿದ್ದ ಸ್ಪ್ರಿಂಗ್, ಗಾಡಿ ಖಾಲಿ ಇದ್ದಾಗ ಮುಂದೆ 52 ಎಂಎಂ ಎತ್ತಿತ್ತು. 500 ಕಿ.ಮೀ. ಓಡಿದ ಮೇಲೆ 47ಕ್ಕೆ ಇಳಿಯಿತು. ಮುಂದಿನ ಚಕ್ರಗಳ ದಿಕ್ಕು ಸರಿಪಡಿಸುವ ಟೋ ಅಲೈನ್‌ಮೆಂಟನ್ನು ಆಮೇಲೆಯೇ ಮಾಡಿಸಿದ್ದು. ಹೆಡ್‌ಲೈಟ್ ಬೆಳಕನ್ನು ಮಾತ್ರ ಮೊದಲ ದಿನವೇ ಗೋಡೆಗೆ ಹಾಯಿಸಿ ಇಳಿಸಿದ್ದೆವು. ಕಂಪನಿ ಸ್ಪ್ರಿಂಗು, ಶಾಕುಗಳನ್ನು ಗುಜರಿಗೆ ಹಾಕಿಲ್ಲ, ಚೀಟಿ ಅಂಟಿಸಿ ಇಟ್ಟಿದ್ದೇವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮಾರ್ಪಾಡುಗಳ ಬಗ್ಗೆ ಬಿಗಿಯಾಗಿದೆ, ಮೂಲಕ್ಕೆ ಮರಳಬೇಕಾಗಿ ಬಂದರೆ ಅವೇ ಬೇಕು. ಅದೇ 500 ಕಿ.ಮೀ.ಗೆ ಎಲ್ಲ ಬೋಲ್ಟುಗಳಿಗೂ ಮತ್ತೆ ರೆಂಚ್ ಹಾಕಿದಾಗ, ಹಿಂದಿನ ಲ್ಯಾಟರಲ್ ರಾಡ್‌ನ ಲಾಕ್‌ನಟ್ಟು ಕಾಲು ಸುತ್ತು ತೆಗೆದುಕೊಂಡಿತು.